ಗಡಿಯಾರದಕ್ಕನ ಒಂದು ನಿಮಿಷ

"ಅವಳ ಕೈಗೆ ನಿಮ್ಮ ಮಣಿಕಟ್ಟು ಸಿಕ್ಕರೆ ಮುಗೀತು, ಬೇಗ ಬಿಡೋಳಲ್ಲ." ಆ ಬೀದಿಯವರು ಗಡಿಯಾರದಕ್ಕನ ಬಗ್ಗೆ ಹೇಳುತ್ತಿದ್ದ ಮಾತು ಇದು. ಅವಳು ಆಸ್ಪತ್ರೆಯ ನರ್ಸು; ಎದೆಯ ಮೇಲೆ ಪಿನ್ನು ಹಾಕಿ ಸಿಕ್ಕಿಸಿಕೊಳ್ಳುತ್ತಿದ್ದ ಪುಟ್ಟ ಗಡಿಯಾರದಿಂದ ಆ ಹೆಸರು ಬಂದಿತ್ತು. ಎದುರು ಮನೆಯ ಟೈಲರನ ಹೆಂಡತಿಯಂತೂ, "ನಾಡಿ ನೋಡೋಕೆ ಇಷ್ಟು ಹೊತ್ತಾ? ಅಕ್ಕನಿಗೆ ಎಣಿಕೆ ಮರೆತುಹೋಗುತ್ತೇನೋ!" ಎಂದು ನಗಾಡುತ್ತಿದ್ದಳು.

ಎಣಿಕೆ ಎಲ್ಲಿ ಮರೆತೀತು! ಅರ್ಧ ನಿಮಿಷ ನಾಡಿ, ಆಮೇಲೆ ಪೂರ್ತಿ ಒಂದು ನಿಮಿಷ ಉಸಿರು. ಉಸಿರು ಎಣಿಸುತ್ತೇನೆ ಎಂದರೆ ಸಾಕು, ಎಂಥವರೂ ಫೋಟೋಗೆ ನಿಂತವರ ಹಾಗೆ ಬಿಗಿದುಕೊಂಡು ಉಸಿರಾಡುತ್ತಾರೆ. ಅದಕ್ಕೇ ಅಕ್ಕ ನಾಡಿ ನೋಡಿಯಾದ ಮೇಲೂ ಕೈ ಬಿಡದೆ, ಹೊದಿಕೆ ಏರಿಳಿಯುವುದನ್ನು ಓರೆಗಣ್ಣಲ್ಲಿ ಎಣಿಸುತ್ತಿದ್ದಳು.

"ಡಾಕ್ಟರು ಬರೆದ ಮಾತ್ರೆ ಕೊಡೋದು ಬಿಟ್ಟು ನೀನಲ್ಲಿ ಮಾಡೋದೇನೇ?" ಎಂದು ಅತ್ತೆ ಕೇಳುವರು.

"ಜನರನ್ನ ನೋಡ್ತಾ ಇರ್ತೀನಿ ಅತ್ತೆ."

"ಅದಕ್ಕೂ ಸಂಬಳಾನಾ! ನಾನು ಬಾಗಿಲಲ್ಲಿ ಕೂತು ದಿನಾ ಬಿಟ್ಟಿ ಮಾಡ್ತೀನಲ್ಲೇ!"

ನಿವೃತ್ತಿಗೆ ಇನ್ನು ಮೂರು ವಾರ. ಕಾಲಿನ ಆಪರೇಷನ್ ಆಗಿದ್ದ ಬಸ್ ಡ್ರೈವರೊಬ್ಬ ಮನೆಗೆ ಹೊರಟಿದ್ದ. ಬಿಡುಗಡೆಯ ಕಾಗದಕ್ಕೆ ಹೊಸ ಡಾಕ್ಟರ ಸಹಿಯೂ ಬಿದ್ದಿತ್ತು. ಅಕ್ಕ ಕೊನೆಯದಾಗಿ ಕೈ ಹಿಡಿದು ಉಸಿರು ಎಣಿಸಿದಳು: ಇಪ್ಪತ್ತೆಂಟು. ನಿಮಿಷಕ್ಕೆ ಇಪ್ಪತ್ತು ದಾಟಬಾರದ ಲೆಕ್ಕ ಅದು. ಓಡಿಹೋಗಿ ಡಾಕ್ಟರಿಗೆ ಹೇಳಿದಳು.

"ಮನೆಗೆ ಹೋಗೋ ಖುಷಿ ಸಿಸ್ಟರ್," ಎನ್ನುತ್ತಲೇ ಬಂದ ಡಾಕ್ಟರು ಮಂಚದ ಮುಂದೆ ನಿಂತು, "ಎಲ್ಲಿ, ಉಸಿರಾಡಿ ನೋಡೋಣ," ಎಂದರು. ಡ್ರೈವರ್ ಸೆಟೆದು ಕೂತು ಶಿಸ್ತಾಗಿ ಉಸಿರಾಡಿದ. ಹದಿನೆಂಟು!

ಸಹಿ ಡಾಕ್ಟರದು, ಹೊಣೆಯೂ ಅವರದೇ. ಅಕ್ಕ ಸುಮ್ಮನಿರಬಹುದಿತ್ತು. ಆದರೆ ಈ ಮನುಷ್ಯ ದಾರಿಯಲ್ಲೇ ಕುಸಿದರೆ? ಡಾಕ್ಟರ ಕಿವಿಯ ಬಳಿ ಬಗ್ಗಿದಳು. "ಕೈ ಹಿಡ್ಕೊಳ್ಳಿ ಡಾಕ್ಟ್ರೇ. ವಾಚ್ ನೋಡೋ ಹಾಗೆ ಮಾಡಿ, ಎದೆ ಏರಿಳಿಯೋದನ್ನ ಎಣಿಸಿ. ಒಂದೇ ನಿಮಿಷ."

ಡಾಕ್ಟರು ಹಾಗೇ ಮಾಡಿದರು. ನಿಮಿಷ ಮುಗಿಯುವಷ್ಟರಲ್ಲಿ ಅವರ ಮುಖ ಇಳಿದಿತ್ತು.

"ಒಬ್ಬರಾದ ಮೇಲೊಬ್ಬರು ಕೈ ಹಿಡೀತೀರಲ್ಲ," ಎಂದ ಡ್ರೈವರ್, "ನನ್ನ ಹೆಂಡತಿ ನೋಡಿದರೆ ಏನಂದಾಳು?"

"ಅವಳಿಗೆ ನಾನು ಹೇಳ್ತೀನಿ, ನೀನು ಮಲಗಪ್ಪ," ಎಂದಳು ಅಕ್ಕ.

ಸ್ಕ್ಯಾನ್ ಮಾಡಿದರೆ, ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಹನ್ನೆರಡು ದಿನದ ಚಿಕಿತ್ಸೆಯ ನಂತರ ಡ್ರೈವರ್ ಕೋಲೂರಿಕೊಂಡು, ವಾರ್ಡಿಗೆಲ್ಲ ಟಾಟಾ ಮಾಡುತ್ತ ಮನೆಗೆ ಹೋದ.

ಅಕ್ಕನ ಕೆಲಸದ ಕೊನೆಯ ದಿನ ಬಂತು. ಬೆಳಕು ಹರಿಯುವಾಗಲೇ ಅವಳು ಬೂಟಿನ ದಾರ ಕಟ್ಟುತ್ತಿದ್ದಳು.

"ಇವತ್ತಾದ್ರೂ ನಿಧಾನವಾಗಿ ಹೋಗೇ. ಕೆಲಸದಿಂದ ತೆಗೆದುಹಾಕ್ತಾರಾ?"

"ಬೇಗ ಹೋಗಬೇಕು ಅತ್ತೆ. ಆ ಡಾಕ್ಟರು ಇನ್ನೂ ಐದು ಜನ ಹೊಸ ಡಾಕ್ಟರುಗಳನ್ನ ಕರೆಸಿದಾರಂತೆ. ಉಸಿರು ಎಣಿಸೋದು ನಾನು ಹೇಳಿಕೊಡಬೇಕಂತೆ."

"ಡಾಕ್ಟರುಗಳಿಗೆ? ನೀನಾ?" ಅತ್ತೆ ದಡಬಡಿಸಿ ಎದ್ದರು. "ಅಯ್ಯೋ, ನಿಲ್ಲೇ! ಕಾಲರ್ ಮಡಚಿಕೊಂಡಿದೆ, ಹೀಗಾ ಹೋಗೋದು?"

ಕಾಲರ್ ನೆಟ್ಟಗಾಯಿತು. ಬಿಳಿ ಬಟ್ಟೆ ತೊಟ್ಟು ಅವಳು ಆ ಹೊಸಿಲು ದಾಟಿದ್ದು ಅದೇ ಕೊನೆ. ತಿರುಗಿ ನೋಡಲಿಲ್ಲ. ಬಸ್ಸು ಆಗಲೇ ಮೂಲೆಯಲ್ಲಿ ಹಾರನ್ ಹೊಡೆಯುತ್ತಿತ್ತು, ಅಕ್ಕ ಓಡಿದಳು.