ಬೆರಳಿಟ್ಟರೆ ಓಡುವ ಹಾಳೆ

ನನಗೆ ಓದಲು ಬರುತ್ತದೆ. ಹಾಳೆ ಸುಮ್ಮನೆ ಕೂತಿರಬೇಕು, ಅಷ್ಟೇ.

ಅಟ್ಟೂರಿನ ಶಾಲೆಗೆ ಎರಡನೇ ಕ್ಲಾಸಿನ ತನಕ ಹೋದವಳು ನಾನು. ಆಮೇಲೆ ಮನೆಯಲ್ಲಿ ಎಮ್ಮೆ ನೋಡಿಕೊಳ್ಳುವವರು ಬೇಕಾಯಿತು, ಬಿಡಿಸಿದರು. ಕಲಿತ ಅಕ್ಷರ ಮರೆಯಲಿಲ್ಲ, ಹೆಚ್ಚಾಗಲೂ ಇಲ್ಲ. ಅಕ್ಷರದ ಕೆಳಗೆ ಬೆರಳಿಡುತ್ತೇನೆ, ಅದು ಏನೆಂದು ಗೊತ್ತಾದ ಮೇಲೆ ಬೆರಳನ್ನು ಮುಂದಕ್ಕೆ ಸರಿಸುತ್ತೇನೆ. ಒಂದು ಲಗ್ನಪತ್ರಿಕೆ ಓದಿ ಮುಗಿಸುವಷ್ಟರಲ್ಲಿ ಒಂದು ಲೋಟ ಕಾಫಿ ಆರಿರುತ್ತದೆ. ಏನವಸರ, ಮದುವೆಗೆ ಇನ್ನೂ ಹದಿನೈದು ದಿನ ಇರುತ್ತದಲ್ಲ.

ಬಸ್ಸಿನ ಬೋರ್ಡು ಮಾತ್ರ ನನ್ನಿಂದ ಆಗುವುದಿಲ್ಲ. ಹೆಬ್ಬಾಳದ ಸೇತುವೆ ಹತ್ತಿರ ನಿಂತು 'ಯ' ಗುರುತಿಸಿ ಮುಂದಿನದಕ್ಕೆ ಬರುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಅದು ಯಲಹಂಕಕ್ಕೋ ಯಶವಂತಪುರಕ್ಕೋ ಎಂದು ಪಕ್ಕದವರನ್ನು ಕೇಳಬೇಕು. ಅದರ ಮೇಲೆ ನನಗೆ ಸಿಟ್ಟಿಲ್ಲ. ಬಸ್ಸಿನ ಕೆಲಸವೇ ಓಡುವುದು. ಹಾಳೆಗೆ ಆ ಕೆಲಸ ಕೊಟ್ಟವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ.

ಸೋಲದೇವನಹಳ್ಳಿ ಕಡೆ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರಲ್ಲಿ ನಾನು ಆಯಾ. ಅಲ್ಲಿ ಅಡುಗೆ ಮಾಡುವವಳು ಶಾಂತವ್ವ, ಗದಗದ ಕಡೆಯವಳು. ಬಾಯಿ ಜೋರು, ಕೈ ಶುದ್ಧ. ಒಂದು ದಿನ ಏಳೆಂಟು ಹುಡುಗಿಯರಿಗೆ ವಾಂತಿಭೇದಿ ಆಯಿತು. ತಂದೆತಾಯಿ ಬಂದು ಕೂಗಾಡಿದರು. ವಿಚಾರಣೆ ಎಂದು ಆಫೀಸಿನವರು ಎಲ್ಲರ ಹೇಳಿಕೆ ತೆಗೆದುಕೊಂಡರು. ನಾನು ನೋಡಿದ್ದನ್ನು ಹೇಳಿದೆ: ನೀರಿನ ತೊಟ್ಟಿ ತೊಳೆಸಿ ಆರು ತಿಂಗಳಾಗಿದೆ, ತೊಳೆಸಿ ಎಂದು ಶಾಂತವ್ವ ಆಫೀಸಿಗೆ ಎರಡು ಸಲ ಹೇಳಿದ್ದಾಳೆ, ನಾನೇ ಪಕ್ಕದಲ್ಲಿದ್ದೆ. ಆಫೀಸಿನ ಗುಮಾಸ್ತ ಪ್ರಕಾಶ ಟೈಪು ಮಾಡಿಕೊಂಡ.

ಮಾರನೆಯ ದಿನ ಸಹಿಗೆ ಕರೆದರು. ನನಗಿಂತ ಮೊದಲು ಕಸ ಗುಡಿಸುವ ಮುನಿಯಮ್ಮ. ಅವಳು ಹೆಬ್ಬೆಟ್ಟಿನವಳು. ಹೆಬ್ಬೆಟ್ಟು ಒತ್ತುವವರಿಗೆ ಬರೆದದ್ದನ್ನು ಪೂರ್ತಿ ಓದಿ ಹೇಳಿ, 'ಓದಿ ಹೇಳಲಾಗಿದೆ' ಎಂದು ಕೆಳಗೆ ಬರೆಯಬೇಕಂತೆ. ಪ್ರಕಾಶ ಬೇಸರದಿಂದ ಓದಿದ. ಅವಳು ನಡುವೆ ತಡೆದಳು.

"ನಾನು ಇಂಗೆ ಯೋಳ್ಲಿಲ್ಲ ಕಣಪ್ಪ. ಆರಕ್ಕಲ್ಲ, ಐದಕ್ಕೇ ಬತ್ತೀನಿ. ಸರಿಯಾಗಿ ಬರ್ಕೋ."

ಅವನು ತಿದ್ದಿದ. ಅವಳು ಹೆಬ್ಬೆಟ್ಟು ಒತ್ತಿ, ಉಳಿದ ಮಸಿಯನ್ನು ತಲೆಗೆ ಒರೆಸಿಕೊಂಡು ಹೋದಳು. ನಾನು ಬಾಗಿಲಲ್ಲಿ ನಿಂತು, ಪಾಪ, ಅಕ್ಷರ ಇಲ್ಲದ ಜನ ಎಂದುಕೊಂಡೆ. ಆ ಮಾತು ನೆನೆದರೆ ಈಗ ನನ್ನ ಬಾಯಿಗೆ ನಾನೇ ಬೂದಿ ಹಾಕಿಕೊಳ್ಳಬೇಕು ಅನ್ನಿಸುತ್ತದೆ.

ನನ್ನ ಸರದಿ ಬಂತು. ಪ್ರಕಾಶ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. "ನಿಮಗೆ ಓದಕ್ಕೆ ಬರತ್ತಲ್ಲ ಅಜ್ಜಿ, ನೋಡ್ಕೊಳಿ. ಕೊನೇ ಹಾಳೆ ಮಾತ್ರ ಪ್ರಿಂಟ್ ತೆಗ್ದಿದೀನಿ, ಸೈನ್ ಹಾಕಕ್ಕೆ."

ನಾನು ಅಭ್ಯಾಸದಂತೆ ಮೊದಲನೇ ಅಕ್ಷರದ ಕೆಳಗೆ ಬೆರಳಿಟ್ಟೆ. ಹಾಳೆ ಓಡಿಹೋಯಿತು. ಓದಲೆಂದು ಇಟ್ಟ ಬೆರಳೇ ಅದನ್ನು ಓಡಿಸುತ್ತದೆ. "ಸ್ಕ್ರೀನ್ ಮುಟ್ಬೇಡಿ, ಕೆಳಗೆ ಚೌಕ ಇದೆಯಲ್ಲ, ಅಲ್ಲಿ ಎರಡು ಬೆರಳಾಡ್ಸಿ" ಅಂದ. ಆಡಿಸಿದೆ. ಒಂದು ಹಾಳೆ ಹೋಯಿತೋ ಮೂರು ಹೋದವೋ, ಅಕ್ಷರಗಳು ಇರುವೆ ಗೂಡಿಗೆ ನೀರು ಬಿಟ್ಟಂತೆ ಚೆದುರಿದವು. ಹಿಂದಕ್ಕೆ ಎಳೆದೆ, ಮೊದಲ ಹಾಳೆಯ ನೆತ್ತಿಗೆ ಹೋಗಿ ಕೂತಿತು.

ನಾನು ಬಾವಿ ನೀರು ಸೇದಿ ಬೆಳೆದವಳು. ಒಂದು ಮೊಳ ಹಗ್ಗ ಎಳೆದರೆ ಕೊಡ ಒಂದು ಮೊಳ ಮೇಲೆ ಬರುತ್ತದೆ. ಕೈಗೂ ಕೆಲಸಕ್ಕೂ ಅಂಥದೊಂದು ಒಪ್ಪಂದ ಇರುತ್ತದೆ. ರಾಗಿಕಲ್ಲು ಕೂಡ ಒಂದು ಸುತ್ತಿಗೆ ಒಂದು ಸುತ್ತೇ ತಿರುಗುತ್ತದೆ, ಹತ್ತು ತಿರುಗುವುದಿಲ್ಲ. ಬೆರಳನ್ನು ಒಂದು ಕಾಳಿನಷ್ಟು ಸರಿಸಿದರೆ ನಾಲ್ಕು ಹಾಳೆ ಹಾರುವ ಯಂತ್ರವನ್ನು ಮಾಡಿದವರು, ಓದುವವರಿಗಾಗಿ ಮಾಡಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ಓದಿ ಆಯಿತು ಎನ್ನುವವರಿಗಾಗಿ ಮಾಡಿದ್ದಾರೆ.

"ಓದಿದ್ರಾ?" ಅಂದ.

ಬೇಗ ಓಡುತ್ತಿದೆ, ನಾನು ನಿಧಾನ, ನೀನೇ ಓದು ಅನ್ನಬಹುದಿತ್ತು. ಮುನಿಯಮ್ಮ ಹೊರಗೆ ಕಟ್ಟೆಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದಳು. ಅವಳ ಕಿವಿಗೆ ಬೀಳುವುದು ನನಗೆ ಬೇಡವಾಗಿತ್ತು.

"ಓದಿದೆ" ಅಂದೆ. ಸಹಿ ಹಾಕಿದೆ. ಚೆನ್ನಾಗಿಯೇ ಹಾಕಿದೆ, ಬಾಲ ಎಳೆದು.

ವಾರದೊಳಗೆ ಶಾಂತವ್ವನನ್ನು ಕೆಲಸಕ್ಕೆ ಬರಬೇಡ ಎಂದು ಮನೆಗೆ ಕಳಿಸಿದರು. ಮುಂದಿನ ಶುಕ್ರವಾರ ಹಾಸ್ಟೆಲಿನ ವಕೀಲರು ಬಂದು ವಿಚಾರಣೆ ಮುಗಿಸುತ್ತಾರೆ, ಅಲ್ಲಿಗೆ ಅವಳ ಕೆಲಸ ಪೂರ್ತಿ ಹೋದಂತೆ. ಅವಳು ನೇರ ನನ್ನ ಮನೆಗೆ ಬಂದಳು. ಕೂರಲಿಲ್ಲ. ಹೇಳಿಕೆಗಳ ನಕಲನ್ನು ಆಫೀಸಿನವರು ಅವಳ ಫೋನಿಗೆ ಕಳಿಸಿದ್ದರು.

"ಯಕ್ಕಾ, ನಾ ರಾತ್ರಿ ಸಾರು ಮುಂಜಾನಿ ಕಾಸಿ ಹಾಕಿದ್ದು ನೀ ಕಣ್ಣಿಲೆ ಕಂಡಿ?"

"ನಾನ್ಯಾಕೆ ಹಂಗಂತೀನಿ?"

"ನಿನ್ನ ಸಹಿ ಐತಿ. ಮುನಿಯಮ್ಮಗ ಓದಾಕ ಬರಂಗಿಲ್ಲ, ಆಕಿ ಹೆಸರಿಲೆ ಏನಾರ ಬರಕೊಂಡಾರು ಅಂತ ಅಂಜಿದ್ದೆ. ನೀ ಓದಾಕಿ, ನಿಂದೇನೂ ಚಿಂತಿಲ್ಲ ಅಂದಿದ್ದೆ."

ಫೋನಿನಲ್ಲೂ ಬೆರಳಿಟ್ಟೆ. ಅಲ್ಲೂ ಓಡಿತು.

ಅಂಗಡಿಯಲ್ಲಿ ಪ್ರಿಂಟು ತೆಗೆಸಬಹುದಿತ್ತು. ಆದರೆ ನಮ್ಮ ಬೀದಿಯ ಜೆರಾಕ್ಸಿನವನು ಮೊದಲು ತಾನು ಓದುತ್ತಾನೆ, ಸಂಜೆಯೊಳಗೆ ಅಟ್ಟೂರೆಲ್ಲ ಓದಿರುತ್ತದೆ. ಮಹಡಿ ಮೇಲೆ ಬಾಡಿಗೆಗಿರುವ ರೇಖಾ ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುವ ಹೆಂಗಸು. ಅವಳ ಹತ್ತಿರ ಶಾಂತವ್ವನ ಫೋನು ಒಯ್ದೆ. ತಾನೇ ಓದಿ ಹೇಳುತ್ತೇನೆ ಅಂದಳು. ಬೇಡ, ಇದನ್ನು ನಿಲ್ಲಿಸಿ ಕೊಡು ಅಂದೆ.

ಅವಳು ಫೈಲನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡಳು. ಎಲ್ಲೆಲ್ಲೋ ಒತ್ತಿ ಒಳಗೆ ಹೋದಳು. ಒಂದು ಸಲಕ್ಕೆ ಎಷ್ಟು ಗೆರೆ ಜರುಗಬೇಕು ಎಂದು ಕೇಳುವ ಜಾಗವೇ ಅದರಲ್ಲಿ ಇದೆಯಂತೆ. ಅಲ್ಲಿ ಒಂದು ಎಂದು ಹಾಕಿದಳು. ಹಾಳೆಗೆ ಹಾಳೆ ಅಂಟಿಕೊಂಡು ಬಾರದ ಹಾಗೆ, ಒಂದೊಂದೇ ನಿಲ್ಲುವ ಹಾಗೆ ಮಾಡಿದಳು. "ಈ ಬಾಣದ ಗುಂಡಿ ಒತ್ತಿ ಅಜ್ಜಿ. ಒಂದ್ಸಲ ಒತ್ತಿದ್ರೆ ಒಂದೇ ಗೆರೆ. ಈ ಸ್ಕ್ರೀನ್ ಮುಟ್ಟಿದ್ರೂ ಏನಾಗಲ್ಲ, ಬೆರಳಿಟ್ಕೊಂಡೇ ಓದಿ."

ಅಷ್ಟೇ. ಎರಡು ನಿಮಿಷದ ಕೆಲಸ. ಅದು ಅವತ್ತು ಪ್ರಕಾಶನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಮಾಡಲಿಲ್ಲವೋ, ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಊಟವಾದ ಮೇಲೆ ಕೂತವಳು ದೀಪ ಹಚ್ಚುವ ಹೊತ್ತಿಗೆ ನನ್ನ ಹೆಸರಿನ ನಾಲ್ಕು ಹಾಳೆ ಮುಗಿಸಿದೆ. ಎರಡನೇ ಹಾಳೆಯ ನಡುವೆ ಆ ಸಾಲು ಇತ್ತು. ಹಿಂದಿನ ರಾತ್ರಿಯ ಸಾರನ್ನು ಅಡುಗೆಯವಳು ಬೆಳಿಗ್ಗೆ ಬಡಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ತೊಟ್ಟಿ ಎಂಬ ಮಾತನ್ನು ಹುಡುಕಿದೆ. ಮತ್ತೊಂದು ಸಲ ಮೊದಲಿಂದ ಹುಡುಕಿದೆ. ಇರಲಿಲ್ಲ.

ಯಾರು ಬರೆಸಿದರೋ ನನಗೆ ಗೊತ್ತಿಲ್ಲ. ಓದಿದೆ ಎಂದವಳು ಯಾರು ಎಂಬುದು ಗೊತ್ತು.

ಶುಕ್ರವಾರ ವಕೀಲರ ಮುಂದೆ ಹೋಗಿ ನಿಂತೆ. ಶಾಂತವ್ವ ಗೋಡೆ ಪಕ್ಕ, ಮುನಿಯಮ್ಮ ಬಾಗಿಲಲ್ಲಿ. ಆ ಸಾಲು ನಾನು ಹೇಳಿದ್ದಲ್ಲ ಅಂದೆ.

"ನಿಮ್ಮ ಸಹಿ ಇದೆಯಲ್ಲಮ್ಮ" ಅಂದರು ವಕೀಲರು.

"ಅವತ್ತೇ ಕೇಳಿದೀನಿ ಸಾರ್, ಓದಿದ್ರಾ ಅಂತ. ಓದಿದೆ ಅಂದ್ರು" ಅಂದ ಪ್ರಕಾಶ.

"ಸುಳ್ಳು ಹೇಳ್ದೆ. ಓದಿರಲಿಲ್ಲ. ಅಷ್ಟು ಬೇಗ ಓದಕ್ಕೆ ನನಗೆ ಬರಲ್ಲ."

ವಕೀಲರು ಕನ್ನಡಕ ತೆಗೆದರು. ಓದಲು ಬರುತ್ತದೆ, ಆದರೆ ಓದಲಿಲ್ಲ ಎಂದರೆ ಆ ಹೇಳಿಕೆ ಹಾಗೇ ಉಳಿಯುತ್ತದಂತೆ. ಓದಲು ಬರುವುದೇ ಇಲ್ಲ ಎಂದರೆ, ಯಾರೂ ಓದಿ ಹೇಳಿಲ್ಲವಾದ್ದರಿಂದ ಬಿದ್ದುಹೋಗುತ್ತದೆ, ಹೊಸದನ್ನು ತೆಗೆದುಕೊಳ್ಳಬಹುದು. ನಿಧಾನವಾಗಿ ಓದುವವರಿಗೆ ಕಾನೂನಿನಲ್ಲಿ ಜಾಗ ಇಲ್ಲ. ಬರುತ್ತದೆ, ಇಲ್ಲವೇ ಬರುವುದಿಲ್ಲ.

"ಯೋಚ್ನೆ ಮಾಡಿ ಅಜ್ಜಿ. ಮುಂದೆ ಎಲ್ಲ ಕಡೆ ಓದಕ್ಕೆ ಬರಲ್ಲ ಅಂತ್ಲೇ ದಾಖಲಾಗತ್ತೆ" ಅಂದ ಪ್ರಕಾಶ.

"ಬರ್ಕೋ" ಅಂದೆ.

ತೊಟ್ಟಿಯಿಂದ ಹಿಡಿದು ಎಲ್ಲವನ್ನೂ ಮತ್ತೆ ಹೇಳಿದೆ. ಈ ಸಲ ಎಲ್ಲ ಹಾಳೆಯನ್ನೂ ಕಾಗದದ ಮೇಲೆ ತೆಗೆಸಿದರು. ಪ್ರಕಾಶ ಗಟ್ಟಿಯಾಗಿ ಓದಿ ಹೇಳಿದ. ಕೊನೆಯಲ್ಲಿ ನನ್ನ ಹೆಸರಿನ ಮುಂದೆ ಒಂದು ಪದ ಇತ್ತು. ಹಾಳೆಯನ್ನು ಇಸಿದುಕೊಂಡು ಅದರ ಕೆಳಗೆ ಬೆರಳಿಟ್ಟೆ. ಅ. ನ. ಆಮೇಲೆ ಕ್ಷ, ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ರ. ಕೊನೆಯದು ಎಲ್ಲಕ್ಕಿಂತ ಕಷ್ಟ, ಸ ಕೆಳಗೆ ಥ ನೇತಾಡುತ್ತಿತ್ತು. ಅನಕ್ಷರಸ್ಥೆ. ಪೂರ್ತಿ ಓದಿ, ತಪ್ಪಿಲ್ಲದೆ ಬರೆದಿದ್ದಾನೆ ಎಂದು ಖಚಿತ ಮಾಡಿಕೊಂಡು ಹೆಬ್ಬೆಟ್ಟು ಒತ್ತಿದೆ.

ಶಾಂತವ್ವನನ್ನು ಮತ್ತೆ ಕೆಲಸಕ್ಕೆ ಕರೆದರು. ತೊಟ್ಟಿ ತೊಳೆಸಿದರು, ತಳದಲ್ಲಿ ಏನು ಸಿಕ್ಕಿತು ಎಂದು ಇಲ್ಲಿ ಹೇಳಿದರೆ ನೀವು ಊಟ ಮಾಡುವುದಿಲ್ಲ. ಅವಳು ನನ್ನ ತಟ್ಟೆಗೆ ರೊಟ್ಟಿ ಹಾಕುತ್ತಾಳೆ, ಮಾತಾಡುವುದಿಲ್ಲ. ಅದು ಅವಳ ಹಕ್ಕು.

ಈಗ ಆಫೀಸಿನಿಂದ ಯಾವ ಕಾಗದ ಬಂದರೂ ಪ್ರಕಾಶ ನನ್ನ ಮುಂದೆ ಕೂತು ಓದಿ ಹೇಳಬೇಕು, ರಜದ ಚೀಟಿಯನ್ನೂ ಸಹ. ಅವನು ಬಾಯಲ್ಲೇ ಓಡಲು ನೋಡುತ್ತಾನೆ. "ನಿಧಾನ" ಅನ್ನುತ್ತೇನೆ. "ಮೊದಲಿಂದ."