ಕೂಸು ತಿರುಗಿ ನೋಡಲಿಲ್ಲ

ನನ್ನ ಮೊದಲ ಮಗಳು ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮಾಡಿದವಳು. ಮೂರು ತಿಂಗಳಿಗೆ ಕತ್ತು ನಿಂತಿತು, ಐದಕ್ಕೆ ಬೋರಲು ಬಿದ್ದಳು, ಎಂಟಕ್ಕೆ ಅಂಬೆಗಾಲಿಟ್ಟು ಹೊಸ್ತಿಲು ದಾಟಿದಳು. ಹೊಸ್ತಿಲು ದಾಟಿದ ದಿನ ಅತ್ತೆ ಕಡಬು ಮಾಡಿ, ಗಜೇಂದ್ರಗಡದ ನಮ್ಮ ನೇಕಾರರ ಓಣಿಗೆಲ್ಲ ಹಂಚಿದರು. ಹಂಚುವಾಗ ತಾವೇ ಹೆತ್ತವರಂತೆ ಬೀಗಿದ್ದು ಕಂಡು ನನಗೆ ಒಳಗೊಳಗೇ ಉರಿದಿತ್ತು.

ಮಾತೊಂದೇ ಬರಲಿಲ್ಲ. ವರ್ಷ ತುಂಬಿ ಎರಡು ತಿಂಗಳಾದರೂ ಬಾಯಲ್ಲಿ 'ಅವ್ವಾ' ಇಲ್ಲ. ಓಣಿಯವರು ಕೇಳಿದರೆ ಅತ್ತೆ ಬಿಡುತ್ತಿರಲಿಲ್ಲ. "ತಡಾ ಆದ್ರ ಏನಾತು? ಇಕಿ ಅಪ್ಪ ಮೂರು ವರ್ಷಕ್ಕ ಬಾಯಿ ಬಿಟ್ಟಾನ, ಇನ್ನೂ ಮುಚ್ಚಿಲ್ಲ!" ಎಂದು ನಗಿಸಿ ಕಳಿಸುತ್ತಿದ್ದರು.

ಕಿವಿಯ ಬಗ್ಗೆ ಯಾರೂ ಅನುಮಾನಪಡಲಿಲ್ಲ. ಬೆಳಗಿನಿಂದ ದೀಪ ಹಚ್ಚುವ ತನಕ ನಮ್ಮ ಮನೆಯಲ್ಲಿ ಮಗ್ಗದ ಸದ್ದು. ನನ್ನ ಗಂಡ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯಲು ಕೂತರೆ, ಅಳುವ ಕೂಸನ್ನು ಪಕ್ಕದ ನೆಲದ ಮೇಲೆ ಮಲಗಿಸುತ್ತಿದ್ದೆ. ಮಗ್ಗ ಬಡಿಯತೊಡಗಿದ ಕೂಡಲೇ ಅಳು ನಿಲ್ಲಿಸಿ ಅತ್ತ ತಿರುಗುತ್ತಿದ್ದಳು. "ನೇಕಾರರ ಕೂಸಿಗೆ ಮಗ್ಗದ ಸಪ್ಪಳಾನ ಜೋಗುಳ" ಎಂದು ಗಂಡ ಹಿಗ್ಗುತ್ತಿದ್ದರು. ನೆಲದಲ್ಲಿ ಹೂತ ಮಗ್ಗದ ಕಂಬಗಳ ನಡುಕ ಬೆನ್ನಿಗೆ ತಾಕಿ ಅವಳು ತಿರುಗುತ್ತಾಳೆ ಎಂದು ಯಾರಿಗೆ ಹೊಳೆಯಬೇಕು?

ಅಮಾವಾಸ್ಯೆಯ ದಿನ ನಾವು ಮಗ್ಗ ಮುಟ್ಟುವುದಿಲ್ಲ. ಅಂಥ ಒಂದು ದಿನ ಮನೆ ಗಪ್ಪಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನನ್ನ ಕೈಯಿಂದ ಕಂಚಿನ ತಾಟು ಜಾರಿ ಕಲ್ಲಿನ ಮೇಲೆ ಬಿತ್ತು. ನಾನೇ ಬೆಚ್ಚಿದೆ. ಆ ಕಡೆ ಗೋಡೆಗೆ ಮುಖ ಮಾಡಿ ಆಡುತ್ತಿದ್ದ ಕೂಸು ಮಿಸುಕಾಡಲಿಲ್ಲ.

ತಾಟನ್ನು ಇನ್ನೊಮ್ಮೆ ಬೀಳಿಸಿ ನೋಡಬಹುದಿತ್ತು. ನೋಡಲಿಲ್ಲ. ಆಟದಲ್ಲಿ ಮೈಮರೆತಿದ್ದಾಳೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ. ಕೂಸಿಗೆ ಕಿವಿ ಕೇಳುತ್ತದೋ ಇಲ್ಲವೋ ಎಂಬುದು ಒಂದು ಚಪ್ಪಾಳೆಗೆ ತಿಳಿಯುತ್ತಿತ್ತು. ಆ ಚಪ್ಪಾಳೆ ತಟ್ಟುವ ಧೈರ್ಯ ನನಗೆ ಒಂದು ತಿಂಗಳಾದರೂ ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಅತ್ತೆಗಂತೂ ಸುಳಿವು ಹತ್ತಬಾರದೆಂದು ನಗುನಗುತ್ತಾ ಓಡಾಡಿದೆ.

ಮುಂದಿನದು ಎಳ್ಳ ಅಮಾವಾಸ್ಯೆ. ಕನ್ನಡದವರ ರಾಜ್ಯ ಒಂದಾಗಬೇಕೆಂಬ ಮಾತು ಕಟ್ಟೆಕಟ್ಟೆಯ ಮೇಲೂ ನಡೆದಿದ್ದ ವರ್ಷ ಅದು. ಸೂಡಿಯ ಹತ್ತಿರ ನನ್ನ ಅಣ್ಣನ ಹೊಲ. ಎಡೆಯ ತುತ್ತನ್ನು ಬೆಳೆಗೆ ಎರಚಿ ಚರಗ ಚೆಲ್ಲಲು ಎಲ್ಲರೂ ಬರಬೇಕೆಂದು ಚಕ್ಕಡಿ ಕಳಿಸಿದ್ದ. ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋದೆವು. ಬನ್ನಿಮರದ ಕೆಳಗೆ ಬುತ್ತಿ ಬಿಚ್ಚಿ, ಭೂಮಿತಾಯಿಗೆ ಎಡೆ ಹಿಡಿದಾಯಿತು. ಗಂಡ ಮತ್ತು ಅಣ್ಣ "ಹುಲ್ಲುಲ್ಲಿಗ್ಯೋ" ಎಂದು ಗಂಟಲು ಹರಿಯುವಂತೆ ಕೂಗುತ್ತಾ ಜೋಳದ ಬೆಳೆಗೆ ಚರಗ ಚೆಲ್ಲುತ್ತಾ ಹೊರಟರು. ಹೊಲ ಸುತ್ತಿ ಬಂದ ಕೂಗಿಗೆ ಬನ್ನಿಮರದ ಹಕ್ಕಿಗಳು ಎದ್ದು ಹಾರಿದವು. ಕೂಸು ಹೋಳಿಗೆ ಚೀಪುತ್ತಾ ಕೂತಿತ್ತು.

ಅಷ್ಟರಲ್ಲಿ ಅವಳು ಚಕ್ಕಡಿಯ ಗಾಲಿ ಹಿಡಿದು ನಿಂತಳು. ಕೈ ಬಿಟ್ಟಳು. ಒಂದು ಹೆಜ್ಜೆ, ಎರಡು, ಮೂರು. ತಿರುಗಿ ಬರುತ್ತಿದ್ದ ಗಂಡಸರು ಕಂಡು ಹೋ ಎಂದರು. ನನಗೂ ಎಲ್ಲ ಮರೆತು ಕಣ್ಣು ತುಂಬಿತು. ಆಕೆ ಕುಸಿದಳು, ಎದ್ದಳು, ಮತ್ತೆ ನಡೆದಳು. ಆಮೇಲೆ ನೋಡಿದರೆ ಆ ಕಡೆ ಕಟ್ಟೆಯಿಲ್ಲದ ಬಾವಿ.

"ಏ ಕೂಸವ್ವಾ, ನಿಂದರು!" ಅಣ್ಣ ಒದರಿದ. ಗಂಡ ಒದರಿದರು. ನಾನು ಚೀರಿಕೊಂಡು ಎದ್ದೆ. ಸೆರಗು ಕಾಲಿಗೆ ತೊಡರಿ ಬಿದ್ದೆ. ಯಾವ ಕೂಸಾದರೂ ಅಷ್ಟು ಚೀರಾಟಕ್ಕೆ ಒಮ್ಮೆ ತಿರುಗಬೇಕಿತ್ತು. ಇವಳು ಪುಟುಪುಟು ಹೋಗುತ್ತಲೇ ಇದ್ದಳು. ಅತ್ತೆ ಒಬ್ಬರೇ ಬಾಯಿ ತೆರೆಯಲಿಲ್ಲ. ನಾವೆಲ್ಲ ಕೂಗುವ ಮೊದಲೇ ಎದ್ದು ಓಡಿದ್ದರು. ಬಾವಿ ನಾಲ್ಕು ಮಾರು ಇದೆ ಎನ್ನುವಾಗ ಅಂಗಿ ಹಿಡಿದು ಜಗ್ಗಿ ಎತ್ತಿಕೊಂಡರು.

ನಾನು ಏದುಸಿರು ಬಿಡುತ್ತಾ ಹತ್ತಿರ ಹೋದೆ. ಅವರು ಕೂಸನ್ನು ಮರದ ಕಡೆ ತಂದು ಇಳಿಸಿ, ಮೊಣಕಾಲಿನ ಮಣ್ಣು ಒರೆಸುತ್ತಿದ್ದರು.

"ಅತ್ತಿ, ಎಲ್ಲಾರೂ ಒದರಿದ್ವಿ. ನೀವ್ಯಾಕ ಒದರಲಿಲ್ರಿ?"

ಅವರು ಒರೆಸುತ್ತಲೇ ಹೇಳಿದರು: "ಒದರಿ ಏನ್ ಮಾಡ್ಲಿ ಯವ್ವಾ? ಅಕಿಗೆ ಕೇಳಂಗಿಲ್ಲಲ್ಲ."

"ಯಾವಾಗ ಗೊತ್ತಾತ್ರಿ ನಿಮಗ?"

"ಆರು ತಿಂಗಳಾತು. ನಿನಗ ಹೇಳಿದ್ರ ಚಿಂತಿಗೆ ಎದಿಹಾಲು ಬತ್ತಿ ಹೋಗತಿತ್ತು. ಕೂಸಿಗೆ ಅದೂ ಇಲ್ಲದಂಗ ಆಗಬಾರದಂತ ಸುಮ್ಮನಾದೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆರು ತಿಂಗಳು ನನ್ನೆದುರು ನಗುತ್ತಾ, ಓಣಿಯವರನ್ನು ನಗಿಸುತ್ತಾ ಇದ್ದರಲ್ಲ! ಮರುಕ್ಷಣ ನಾನೂ ಒಂದು ತಿಂಗಳು ಅವರೆದುರು ಅದನ್ನೇ ಮಾಡಿದ್ದು ನೆನಪಾಯಿತು. ಬಗ್ಗಿ ಕೂಸಿನ ಇನ್ನೊಂದು ಮೊಣಕಾಲನ್ನು ನಾನೇ ಒರೆಸಿದೆ.

ಅಷ್ಟರಲ್ಲಿ ಗಂಡ ಓಡಿ ಬಂದರು. ಭಯ ಇಳಿದು ಮುಖವೆಲ್ಲ ನಗು. "ಎಷ್ಟ ಹಟಾ ನೋಡ ಇಕಿದು! ಮೊದಲನೇ ದಿನಾನ ಅಪ್ಪನ ಮಾತ ಕೇಳಂಗಿಲ್ಲ" ಎನ್ನುತ್ತಾ ಕೂಸಿನ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆದರು. ಚಪ್ಪಾಳೆ ತಟ್ಟಿ ಮತ್ತೆ ಕರೆದರು.

ಅತ್ತೆ ನನ್ನ ಮುಂಗೈ ಒತ್ತಿ ಹಿಡಿದು ಪಿಸುಗುಟ್ಟಿದರು. "ಇವತ್ತೊಂದು ದಿನ ಇರಲಿ ಬಿಡ. ಮಗಳು ನಡದಾಳಂತ ಖುಷಿಲೆ ಅದಾನ."

ಗಂಡ ಮೂರನೆಯ ಸಲ ಕರೆದಾಗ ಧ್ವನಿ ಸ್ವಲ್ಪ ಸಣ್ಣದಾಗಿತ್ತು. ನಾನು ಕೈ ಬಿಡಿಸಿಕೊಂಡೆ.

"ಹಿಂದಿಂದ ಕರೀಬ್ಯಾಡ್ರಿ," ಎಂದೆ. "ಮುಂದ ಬಂದು ಕುಂದರ್ರಿ."

ಅವರು ನನ್ನ ಮುಖ ನೋಡಿದರು. ತಾಯಿಯ ಮುಖ ನೋಡಿದರು. ಅತ್ತೆ ತಲೆ ತಗ್ಗಿಸಿದರು. ಗಂಡ ಸುತ್ತು ಹಾಕಿ ಮುಂದೆ ಬಂದು, ಎರೆಮಣ್ಣಿನಲ್ಲಿ ಮೊಣಕಾಲೂರಿ ಎರಡೂ ಕೈ ಚಾಚಿದರು. ಕೂಸು ಅಪ್ಪನನ್ನು ಕಂಡು ಕಿಲಕಿಲ ನಕ್ಕು ನಡೆದು ಬಂತು. ಅವರ ತುಟಿ ಅವಳ ಹೆಸರನ್ನು ಇನ್ನೂ ಕರೆಯುತ್ತಲೇ ಇತ್ತು. ಧ್ವನಿ ಮಾತ್ರ ಹೊರಡುತ್ತಿರಲಿಲ್ಲ.