ಕಿಟಕಿಯಾಚೆ ನಿಂತವರು

ಎರಡು ಸಾವಿರದ ದಶಕದಲ್ಲಿ ನಾನು ನಡೆಸುತ್ತಿದ್ದ ಸಣ್ಣ ಸಂಸ್ಥೆ, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗಾಗಿ ಸಂಜೆ ಶಾಲೆ ತೆರೆಯಿತು. ಅವರು ತಪ್ಪದೆ ಬರುತ್ತಿದ್ದರು. ಆದರೆ ಒಳಗೆ ಕಾಲಿಡದೆ ಕಿಟಕಿಯಾಚೆ ನಿಂತೇ ಪಾಠ ಕೇಳುತ್ತಿದ್ದರು. ನಾಚಿಕೆಯೋ, ಮನೆಯವರ ಭಯವೋ ನನಗೆ ತಿಳಿಯಲಿಲ್ಲ. ಕುತೂಹಲ ತಡೆಯದೆ ಒಂದು ದಿನ ನಾನೂ ಹೋಗಿ ಅವರ ಪಕ್ಕ ನಿಂತೆ.

“ಯಾಕ್ರವಾ, ಒಳಗ ಬರವಲ್ರಿ?” ಎಂದು ಕೇಳಿದೆ.

“ಸೀರಿ ತುಂಬ ಮೆಣಸಿನಕಾಯಿ ಘಾಟು ಐತ್ರೀ ಅಕ್ಕಾರ. ನಾವು ಒಳಗ ಬಂದ್ರ ಮಾಸ್ತರು ಕೆಮ್ಮಿ ಕೆಮ್ಮಿ ಸುಸ್ತಾಗ್ತಾರ,” ಎಂದಳು ಒಬ್ಬಳು.

ಮರುದಿನ ಕರಿಹಲಗೆಯನ್ನು ಹೊರಗೆ ಬೇವಿನ ಮರದಡಿಗೆ ಸಾಗಿಸಿದೆವು. ಎಲ್ಲರೂ ಹತ್ತಿರ ಬಂದು ಕುಳಿತರು. ಮಾಸ್ತರರು ‘ಅ’ ಬರೆದು ತಿರುಗುವಷ್ಟರಲ್ಲಿ ಜೋರಾಗಿ ಸೀನಿದರು. ಹೆಂಗಸರು ಬಾಯಿ ತುಂಬ ನಕ್ಕರು, ಮಾಸ್ತರರೂ ನಕ್ಕರು. ಆಮೇಲೆ ಪಾಠ ಸಾಗಿತು.